ಈ ಗುಳ್ಳೆಗೆ ಯಾರು ಹೊಣೆ?

ಸ್ಥಳ ಪ್ಯಾರಿಸ್, ಕಾಲ 1840ರ ದಶಕ. ಸ್ಟುಡಿಯೋ ಒಂದರ ಮೂಲೆಯಲ್ಲಿ ಬಿದ್ದಿದ್ದ ಡಾಗೆರೋಟೈಪ್ ತಗಡು, ಅಂದರೆ ಲೋಹದ ಮೇಲಿನ ಫೋಟೋ, ಮಾತಿಗೆ ಸಿಕ್ಕಿತು. ಒಡಲು ತಾಮ್ರ, ಮೇಲ್ಮೈ ಬೆಳ್ಳಿ. ಮುಖದ ತುಂಬ ಗುಳ್ಳೆ.

ಪ್ರಶ್ನೆ: ಬೆಳ್ಳಿ ಸಾಲದೆ ಚಿನ್ನದ ಲೇಪ ಬೇರೆ ಬೇಕಿತ್ತೇ?

ತಗಡು: ನನಗೇನು ಚಿನ್ನದ ಹುಚ್ಚೇ ಸ್ವಾಮಿ? 1839ರಲ್ಲಿ ಡಾಗೇರ್ ಅವರ ಈ ಫೋಟೋ ವಿದ್ಯೆ ಜಗಜ್ಜಾಹೀರಾಯಿತು. ಸರ್ಕಾರ ಅವರಿಗೆ ವರ್ಷಕ್ಕೆ 6,000 ಫ್ರಾಂಕ್ ಪಿಂಚಣಿ ಕೊಟ್ಟಿತು. ನಮ್ಮ ಮೇಲಿನ ಚಿತ್ರ ಮಾತ್ರ ಬೆರಳು ತಾಗಿದರೆ ಅಳಿಸಿಹೋಗುತ್ತಿತ್ತು. ಮರುವರ್ಷ ಭೌತವಿಜ್ಞಾನಿ ಫಿಝೋ ಅವರು ಚಿನ್ನದ ಕ್ಲೋರೈಡನ್ನು ಹೈಪೋ ಎಂಬ ಲವಣದ ದ್ರಾವಣಕ್ಕೆ ಬೆರೆಸಿ, ತಗಡಿನ ಮೇಲೆ ಸುರಿದು ಕಾಯಿಸಿದರು. ಚಿತ್ರ ಗಟ್ಟಿಯಾಯಿತು, ಕಳೆಯೂ ಬಂತು.

ಪ್ರಶ್ನೆ: ಹಾಗಾದರೆ ಈ ಗುಳ್ಳೆ?

ತಗಡು: ಯಜಮಾನರ ಕೃಪೆ. ಸ್ಪಿರಿಟ್ ದೀಪವನ್ನು ನನ್ನ ಅಡಿಯಲ್ಲಿ ಆಡಿಸುತ್ತಲೇ ಇರಬೇಕು. ಚಿತ್ರ ಬೆಳಗಿದೊಡನೆ ತೆಗೆಯಬೇಕು. ಇವರು ಗಿರಾಕಿಯೊಡನೆ ಹರಟುತ್ತ ಒಂದೇ ಕಡೆ ಹಿಡಿದರು. ಬೆಳ್ಳಿ ತಾಮ್ರ ಬಿಟ್ಟು ಎದ್ದಿತು. ‘ತಗಡೇ ಕಳಪೆ’ ಎಂದುಬಿಟ್ಟರು. ಕಳಪೆ ತಗಡೂ ಉಂಟು, ಇಲ್ಲವೆನ್ನಲಾರೆ. ಆದರೆ ಕೆಟ್ಟದ್ದಕ್ಕೆಲ್ಲ ಅದೇ ಕಾರಣವಾಗುವುದು ಹೇಗೆ?

ಪ್ರಶ್ನೆ: ಪಕ್ಕದ ತಗಡಿನಲ್ಲಿ ಅರ್ಧ ಮುಖವೇ ಮಂಕಾಗಿದೆ.

ತಗಡು: ಸ್ಟ್ಯಾಂಡು ಸಮಮಟ್ಟದಲ್ಲಿರಲಿಲ್ಲ, ದ್ರಾವಣ ಒಂದೇ ಮಗ್ಗುಲಿಗೆ ಸರಿಯಿತು. ಗಿರಾಕಿಗೆ ಅದನ್ನು ‘ನೆಳಲು ಬೆಳಕಿನ ಕಲೆ’ ಎಂದು ಮಾರಲು ನೋಡುತ್ತಿದ್ದಾರೆ. ಅದರಾಚೆಯದಕ್ಕೆ ಚುಕ್ಕೆ. ಹೈಪೋಗೆ ಚಿನ್ನವನ್ನು ಸ್ವಲ್ಪಸ್ವಲ್ಪವಾಗಿ ಸುರಿಯಬೇಕಿತ್ತು. ಶಿಷ್ಯ ತಿರುವುಮುರುವು ಮಾಡಿದ, ಸೋಸಲೂ ಇಲ್ಲ.

ಪ್ರಶ್ನೆ: ಇನ್ನೊಂದು ಕೋಟು ಚಿನ್ನ ಹಾಕಿದರೆ ಮುಚ್ಚಿಹೋಗದೇ?

ತಗಡು: ಇದು ಎಲ್ಲರ ಆಸೆ! ಕೊಳೆಯ ಮೇಲೆ ಚಿನ್ನ ಕೂತರೆ ಕೊಳೆ ಖಾಯಮ್ಮಾಗುತ್ತದೆ, ಶಾಲು ಹೊದಿಸಿಕೊಂಡು ಸನ್ಮಾನ ಪಡೆದವನ ತಪ್ಪಿನ ಹಾಗೆ. ಬೇಕಾದದ್ದು ನೀರು. ಭಟ್ಟಿ ಇಳಿಸಿದ ನೀರಿನಲ್ಲಿ ಹೈಪೋ ಪೂರ್ತಿ ಹೋಗುವಂತೆ ತೊಳೆದು, ಬಿಸಿ ತಾಗಿಸಿ ಬೇಗ ಒಣಗಿಸಬೇಕು. ತಡವಾದರೆ ನೀರಿನ ಗೆರೆ. ಹೈಪೋ ಉಳಿದರೆ ಮುಂದೆ ಕಲೆ. ಚಿನ್ನಕ್ಕೆ ದುಡ್ಡು ಸುರಿಯುವವರು ನೀರಿಗೆ ಜಿಪುಣರು.

ಪ್ರಶ್ನೆ: ಓದುಗರಿಗೆ ಏನಾದರೂ?

ತಗಡು: ನಮ್ಮವರು ಎಲ್ಲಾದರೂ ಕೈಗೆ ಸಿಕ್ಕರೆ ಗಾಜು ಬಿಚ್ಚಿ ಒರೆಸಬೇಡಿ. ಚಿನ್ನ ಹಚ್ಚಿದ್ದರೂ ಬಟ್ಟೆ ತಾಗಿದರೆ ಗೀರು ಬೀಳುತ್ತದೆ. ಆ ಗೀರಿಗೆ ಮದ್ದಿಲ್ಲ.