ತಪ್ಪಾಗಿ ಹುಡುಕುವ ವಿದ್ಯೆ

"ಸಾರ್, ಕಾನೂನು ಹೆಗ್ಗಡಿತಿ ಇದೆಯಾ?"

ಕೇಳಿದವನು ಎಲ್‌ಎಲ್‌ಬಿ ಓದುತ್ತಿದ್ದ ಹುಡುಗ. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ವಿಷಯ ಅದರಲ್ಲಿ ಚೆನ್ನಾಗಿದೆಯೆಂದು ಅವನ ರೂಮ್‌ಮೇಟು ಹೇಳಿದ್ದನಂತೆ. ನಾನು ನಗಲಿಲ್ಲ. ಲೈಬ್ರರಿಯ ಪರಾಮರ್ಶನ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಕೂತವನ ಮುಖದ ಮೇಲೆ ಒಂದು ಬಗೆಯ ಗಾಂಭೀರ್ಯ ತಾನಾಗಿ ಬಂದು ಕೂತುಬಿಟ್ಟಿರುತ್ತದೆ. ಎದ್ದು ಹೋಗಿ ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯನ್ನು ತಂದು ಮುಂದಿಟ್ಟೆ. ಹತ್ತಿಪ್ಪತ್ತು ಪುಟ ತಿರುವಿದವನು, "ಸೆಕ್ಷನ್ ನಂಬರ್ ಹಾಕೇ ಇಲ್ಲವಲ್ಲ ಸಾರ್" ಎಂದ. ಆದರೂ ಪುಸ್ತಕವನ್ನು ಕೆಳಗಿಡಲಿಲ್ಲ.

ನಮ್ಮ ಟೇಬಲ್ಲಿಗೆ ಬರುವವರು ಯಾರೂ ತಮಗೆ ಬೇಕಾದ್ದನ್ನು ಕೇಳುವುದಿಲ್ಲ. ಬೇಕಾದ್ದರ ನೆಂಟನನ್ನು ಕೇಳುತ್ತಾರೆ. 'ಮೂಕಜ್ಜಿಯ ಕನಸುಗಳು' ಬೇಕಾದ ಹೆಂಗಸು "ಮಾತೇ ಆಡದ ಅಜ್ಜಿಯ ಪುಸ್ತಕ" ಎನ್ನುತ್ತಾರೆ. ಆ ಪುಸ್ತಕದಲ್ಲಿ ಅಜ್ಜಿಯಷ್ಟು ಮಾತಾಡುವವರು ಇನ್ನೊಬ್ಬರಿಲ್ಲ. ಕೆಲವರಿಗೆ ಹೆಸರೂ ನೆನಪಿಲ್ಲ, ಬರೆದವರೂ ನೆನಪಿಲ್ಲ, ನೀಲಿ ರಟ್ಟು ಮಾತ್ರ ಕಣ್ಣಿಗೆ ಕಟ್ಟಿದೆ. ನಮ್ಮಲ್ಲೋ ಬೈಂಡಿಂಗಿಗೆ ಹೋಗಿ ಬಂದ ಮೇಲೆ ಎಲ್ಲ ಪುಸ್ತಕಕ್ಕೂ ಒಂದೇ ಕಂದು ಬಣ್ಣ. ಓದುಗನ ಸಮಯ ಉಳಿಸು ಎನ್ನುವುದು 1931ರಲ್ಲಿ ಎಸ್.ಆರ್. ರಂಗನಾಥನ್ ಹಾಕಿಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು. ಓದುಗನಿಗೇ ತನ್ನ ಸಮಯ ಉಳಿಸುವ ಇಚ್ಛೆ ಇಲ್ಲದಿದ್ದರೆ ಏನು ಮಾಡಬೇಕೆಂದು ಅವರು ಆರನೆಯ ಸೂತ್ರ ಬರೆಯಬೇಕಿತ್ತು.

ಹೀಗಿರುವಾಗ ಕಂಪ್ಯೂಟರ್ ಬಂತು. "ಇನ್ನು ಎಲ್ಲ ಆನ್‌ಲೈನು, ನಿಮಗೆ ಕೆಲಸವೇ ಇರೋಲ್ಲ" ಎಂದರು ಮೇಲಿನವರು. ನನಗಿಂತ ಹೆಚ್ಚು ಖುಷಿಪಟ್ಟದ್ದು ನಮ್ಮ ಅಟೆಂಡರು. ಕಿಟೆಲ್ ನಿಘಂಟನ್ನು ಮೇಲಿನ ಅರೆಯಿಂದ ಇಳಿಸುವುದು, ಏರಿಸುವುದು ಅವರ ಪಾಲಿನ ವ್ಯಾಯಾಮವಾಗಿತ್ತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ಅಚ್ಚು ಹಾಕಿದ ಆ ಪುಸ್ತಕವನ್ನು ಇಳಿಸುವಾಗ ಅವರು ಪ್ರತಿ ಸಲವೂ ಕಿಟೆಲ್ ಪಾದ್ರಿಗಳನ್ನು ನೆನೆಯುತ್ತಿದ್ದರು, ನಿಘಂಟಿನಲ್ಲಿ ಇರಲಾರದ ಪದಗಳಿಂದ. ಈಗ ಅದೇ ಕಿಟೆಲ್ ಇಂಟರ್ನೆಟ್ ಆರ್ಕೈವ್‌ನಲ್ಲಿದೆ. ಬೆರಳ ತುದಿಯಲ್ಲಿ ಅದಕ್ಕೆ ತೂಕವೇ ಇಲ್ಲ.

ಕೆಲಸ ಮಾತ್ರ ಹಗುರವಾಗಲಿಲ್ಲ. ಹಳೆಯ ಕನ್ನಡ ಪುಸ್ತಕಗಳನ್ನು ಲಕ್ಷಗಟ್ಟಲೆ ಇತರ ಭಾಷೆಯ ಪುಸ್ತಕಗಳ ಜೊತೆ ಸ್ಕ್ಯಾನ್ ಮಾಡಿ ಏರಿಸಿದ ಪುಣ್ಯಾತ್ಮರು, ಅವುಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡಿಸಿದ್ದರು. ಟೈಪು ಮಾಡಿದವರಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ, ಅಂತೂ ಅವಸರವಿತ್ತು. ಹ್ರಸ್ವ ದೀರ್ಘ ಹೋಯಿತು. ಶ, ಷ, ಸ ಮೂವರೂ ಒಂದೇ ಮನೆಗೆ ಬಂದರು. ಲ ಮತ್ತು ಳ ಜಗಳ ಬಿಟ್ಟವು. ಹಾಗಾಗಿ ಕಲ, ಕಾಲ, ಕಳ, ಕಾಳ ಎಲ್ಲವೂ ಒಂದೇ. ಸರಿಯಾಗಿ ಬರೆದು ಹುಡುಕಿದರೆ ಪುಸ್ತಕ ಸಿಗದು, ತಪ್ಪಾಗಿ ಬರೆದರೆ ಸಿಗುತ್ತದೆ. ಅದೂ ಎಂಥ ತಪ್ಪು? ನನ್ನ ತಪ್ಪಲ್ಲ, ಅವರ ತಪ್ಪು! ಮಧ್ಯಾಹ್ನ ಎರಡೂವರೆಗೆ, ಊಟವಾದ ಮೇಲೆ, ತೂಕಡಿಸುತ್ತ ಟೈಪು ಮಾಡುತ್ತಿರುವ ಒಬ್ಬ ಅಪರಿಚಿತನನ್ನು ಕಣ್ಣ ಮುಂದೆ ತಂದುಕೊಂಡು, ಅವನ ಬೆರಳು ಎಲ್ಲಿ ಜಾರಿರಬಹುದೆಂದು ಊಹಿಸಿ ನಾನೂ ಅಲ್ಲೇ ಜಾರಬೇಕು. ಬಾಲ್ಯದಲ್ಲಿ ಕಾಗುಣಿತಕ್ಕಾಗಿ ಮೇಷ್ಟ್ರ ಕೈಯಲ್ಲಿ ತಿಂದ ಏಟುಗಳೆಲ್ಲ ಹೀಗೆ ದಂಡವಾದವು.

'ಸಂಚಯ' ಎಂಬ ತಂಡದ ಹುಡುಗರು ಇದನ್ನು ಕಂಡು ನನ್ನ ಹಾಗೆ ಗೊಣಗುತ್ತ ಕೂರಲಿಲ್ಲ. 'ಪುಸ್ತಕ ಸಂಚಯ' ಎಂದು ಮಾಡಿ, ಆ ಹೆಸರುಗಳನ್ನು ಜನರ ಕೈಯಿಂದಲೇ ಕನ್ನಡ ಲಿಪಿಗೆ ತಿದ್ದಿಸಿದರು. ಕನ್ನಡ ಪುಸ್ತಕವನ್ನು ಕನ್ನಡದಲ್ಲಿ ಹುಡುಕಬಹುದು ಎನ್ನುವುದು ಒಂದು ಆವಿಷ್ಕಾರವೆನಿಸಿದ ಕಾಲ ಅದು.

ಇದಕ್ಕಿಂತ ಚಮತ್ಕಾರ 'ಅಲರ್' ಎಂಬ ನಿಘಂಟಿನದು. ವಿ. ಕೃಷ್ಣ ಎಂಬವರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ಪದಕೋಶ ಅದು. ಒಂದೂವರೆ ಲಕ್ಷ ಪದಗಳು. 2019ರಲ್ಲಿ ಕೈಲಾಶ್ ನಾಧ್ ಅದನ್ನು ಎಲ್ಲರಿಗೂ ಸಿಗುವಂತೆ ಅಂತರ್ಜಾಲಕ್ಕೆ ತಂದರು. ತರುವಾಗ ಒಂದು ಕರುಣೆಯ ಕೆಲಸವನ್ನೂ ಮಾಡಿದರು: ಬರೆದ ಅಕ್ಷರಕ್ಕಿಂತ ಉಚ್ಚಾರದ ದನಿಗೆ ಕಿವಿಗೊಟ್ಟು ಪದ ಹುಡುಕುವ ಒಂದು ಲೆಕ್ಕಾಚಾರವನ್ನು ಕನ್ನಡಕ್ಕೆಂದೇ ಬರೆದು ಅದರೊಳಗಿಟ್ಟರು. ಕಾಗುಣಿತ ಎಡವಿದರೂ ಅದು ಕೈಹಿಡಿದು ಎಬ್ಬಿಸುತ್ತದೆ. ನಮ್ಮ ಮೇಷ್ಟ್ರಿಗೆ ಇದು ಗೊತ್ತಾಗಿದ್ದರೆ ಕೋಲಿಗೆ ಕೆಲಸವಿರುತ್ತಿರಲಿಲ್ಲ.

ಈ ಉಪಾಯದ ಮುತ್ತಜ್ಜ ಅಮೆರಿಕದಲ್ಲಿದ್ದಾನೆ, ಹೆಸರು ಸೌಂಡೆಕ್ಸ್. 1918ರಲ್ಲಿ ರಾಬರ್ಟ್ ರಸೆಲ್ ಎಂಬವರು ಪೇಟೆಂಟು ಪಡೆದದ್ದು. ಒಂದೇ ಥರ ಕೇಳಿಸುವ ಅಕ್ಷರಗಳಿಗೆ ಒಂದೇ ಅಂಕಿ ಕೊಟ್ಟರೆ, ಹೆಸರನ್ನು ಯಾರು ಹೇಗೆ ಬರೆದಿದ್ದರೂ ಒಂದೇ ಗೂಡಿಗೆ ಬಂದು ಬೀಳುತ್ತದೆ. 1930ರ ದಶಕದಲ್ಲಿ ಅಲ್ಲಿ ವೃದ್ಧರಿಗೆ ಪಿಂಚಣಿ ಕೊಡುವ ಕಾಯಿದೆ ಬಂದಾಗ, ಎಷ್ಟೋ ಜನರ ಬಳಿ ವಯಸ್ಸಿಗೆ ದಾಖಲೆಯೇ ಇರಲಿಲ್ಲ. ಆಗ 1880ರ ಜನಗಣತಿ ತೆಗೆದು, ಹತ್ತು ವರ್ಷದೊಳಗಿನ ಮಕ್ಕಳಿದ್ದ ಮನೆಗಳಿಗೆಲ್ಲ ಸೌಂಡೆಕ್ಸ್ ಪ್ರಕಾರ ಸೂಚಿ ಮಾಡಿದರು. ಅಷ್ಟು ಹೊತ್ತಿಗೆ ಆ ಮಕ್ಕಳೆಲ್ಲ ಮುದುಕರಾಗಿದ್ದರಲ್ಲ!

ಈ ಕಥೆ ಓದಿದಾಗ ನನಗೆ ನೆನಪಾದದ್ದು ನಮ್ಮ ಒಬ್ಬ ಯಜಮಾನರು. ಚೀಲದಿಂದ ಅರಿಶಿನ ಹತ್ತಿದ ಒಂದು ಚೀಟಿ ತೆಗೆದು, "ನಂಗೆ ಎಷ್ಟು ವಯಸ್ಸು ಅಂತ ನೋಡಿ ಹೇಳಿ ಸ್ವಾಮಿ" ಎಂದರು. ಚೀಟಿಯಲ್ಲಿದ್ದದ್ದು ಇಷ್ಟೇ: ವಿಕ್ರಮ ಸಂವತ್ಸರ, ಶ್ರಾವಣ ಬಹುಳ ಅಷ್ಟಮಿ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಸುತ್ತು ಹೊಡೆಯುತ್ತವೆ. ವಿಕ್ರಮ ಎಂದರೆ 2000 ಆಗಬಹುದು, 1940 ಆಗಬಹುದು, 1880 ಆಗಬಹುದು. ಯಜಮಾನರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದೆ. ಪರಾಮರ್ಶನದಲ್ಲಿ ಇದೂ ಒಂದು ಆಕರ. 1940 ಎಂದು ತೀರ್ಮಾನಿಸಿ, ಹಳೆಯ ವರ್ಷಗಳ ಪಂಚಾಂಗ ತೋರಿಸುವ ತಾಣ ತೆರೆದೆ. ಆಗಸ್ಟ್ ಕೊನೆಯ ವಾರಕ್ಕೆ ಬಂತು, ಗೋಕುಲಾಷ್ಟಮಿ. "ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಅಂತಿದೆಯಲ್ಲ ಸ್ವಾಮಿ?" ಎಂದರು. ನಮ್ಮ ತಲೆಮಾರಿನವರಲ್ಲಿ ಅರ್ಧ ಜನ ಜನವರಿ ಒಂದಕ್ಕೂ ಜೂನ್ ಒಂದಕ್ಕೂ ಹುಟ್ಟಿದವರೇ ಎಂದು ಸಮಾಧಾನ ಹೇಳಿದೆ. ಕೃಷ್ಣ ಹುಟ್ಟಿದ ದಿನವೇ ತಾವೂ ಹುಟ್ಟಿದ್ದು ಎಂದು ತಿಳಿದ ಸಂತೋಷದಲ್ಲಿ ಅವರು ಪಿಂಚಣಿ ಅರ್ಜಿಯನ್ನು ನನ್ನ ಟೇಬಲ್ಲಿನ ಮೇಲೇ ಮರೆತು ಹೋದರು.

ಸರಿಯಾದ ಉತ್ತರ ಸಿಕ್ಕರೂ ಅದನ್ನು ಒಯ್ಯುವವರು ಬೇಕಲ್ಲ. ಶಾಲೆಯೊಂದರ ಸಮಿತಿಯವರು ಒಮ್ಮೆ ಬಂದರು. ಎಲ್ಲ ಕಚೇರಿಗಳ ಗೋಡೆಯ ಮೇಲೂ ಇರುವ ಕಾಯಕ–ಕೈಲಾಸದ ಮಾತು ಬಸವಣ್ಣನವರ ಯಾವ ವಚನದ್ದು, ಪೂರ್ತಿ ವಚನ ಬೇಕು ಎಂದರು. ಇದಕ್ಕೆ ಹಿಂದೆಯಾದರೆ ಸಂಪುಟಗಳನ್ನು ರಾಶಿ ಹಾಕಿಕೊಂಡು ಎರಡು ದಿನ ಕೂರಬೇಕಿತ್ತು. ಈಗ 'ವಚನ ಸಂಚಯ'ದಲ್ಲಿ 20,000ಕ್ಕೂ ಹೆಚ್ಚು ವಚನಗಳು ಒಂದೇ ಕಡೆ ಇವೆ. ಪದ ಕೊಟ್ಟರೆ ಅದು ಎಲ್ಲೆಲ್ಲಿ ಬಂದಿದೆ, ಯಾರ ವಚನದಲ್ಲಿ ಬಂದಿದೆ ಎಂದು ತೋರಿಸುತ್ತದೆ. ತೋರಿಸಿತು: ಆಯ್ದಕ್ಕಿ ಮಾರಯ್ಯ. ಸಮಿತಿಯವರು ಪರದೆಯನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದರು. "ಅದೆಲ್ಲ ಇರಲಿ ಸಾರ್. ಪೇಂಟರು ಕೆಳಗೆ ಬಸವಣ್ಣ ಅಂತ ಬರೆದಾಗಿದೆ. ದುಡ್ಡೂ ಕೊಟ್ಟಾಗಿದೆ."

ಇಂಥ ತಾಣಗಳ ಹೆಸರುಗಳನ್ನು ನಾನು ಒಂದು ಹಳೆಯ ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ನಿಘಂಟುಗಳಿಗೆ ಮೈಸೂರಿನ ಭಾಷಾ ಸಂಸ್ಥಾನದ 'ಭಾರತವಾಣಿ', ಪಿಎಚ್‌ಡಿಯವರಿಗೆ 'ಶೋಧಗಂಗಾ', ಕೋರ್ಟು ತೀರ್ಪಿಗೆ 'ಇಂಡಿಯನ್ ಕಾನೂನ್', ಮಾಯವಾದ ಪುಟಗಳಿಗೆ ವೇಬ್ಯಾಕ್ ಮಷೀನ್. ಆನ್‌ಲೈನಿನ ವಿಳಾಸಗಳನ್ನು ಪೆನ್ನಿನಲ್ಲಿ ಬರೆದಿಟ್ಟದ್ದಕ್ಕೆ ಹೊಸದಾಗಿ ಬಂದ ಹುಡುಗಿ ನಗುತ್ತಿದ್ದಳು. ನಾನು ನಿವೃತ್ತನಾಗುವ ದಿನ ಅವಳೇ ಅದನ್ನು ಕೇಳಿ ಇಸಿದುಕೊಂಡಳು. ಪ್ರತಿ ವಿಳಾಸದ ಪಕ್ಕದಲ್ಲಿ ಏನನ್ನು ಹೇಗೆ ತಪ್ಪಾಗಿ ಬರೆದರೆ ಸಿಗುತ್ತದೆ ಎಂದು ಗುರುತು ಹಾಕಿದ್ದೆ. ಅದು ಬೇರೆಲ್ಲೂ ಇಲ್ಲ ಎಂದಳು.

ಅಂದ ಹಾಗೆ, ಎಲ್‌ಎಲ್‌ಬಿಯ ಆ ಹುಡುಗನಿಗೆ ಉತ್ತರಾಧಿಕಾರದ ಗೈಡನ್ನೂ ಹುಡುಕಿ ಕೊಟ್ಟೆ. ಗೈಡು ಹದಿನೈದನೆಯ ದಿನಕ್ಕೆ ವಾಪಸು ಬಂತು, 'ಕಾನೂರು ಹೆಗ್ಗಡಿತಿ' ಬಂದಿಲ್ಲ. ಈಗ ಅವರು ದೊಡ್ಡ ವಕೀಲರಾಗಿರಬೇಕು. ಇದನ್ನು ಓದುತ್ತಿದ್ದರೆ ದಯವಿಟ್ಟು ತಂದುಕೊಡಿ. ದಂಡ ಕೇಳಬೇಡವೆಂದು ಹುಡುಗಿಗೆ ಹೇಳಿಟ್ಟಿದ್ದೇನೆ.