ಡಿವಿಡಿ ಮಾವ

ನಮ್ಮ ಕಡೆ ಓಣಿಗೊಬ್ಬರಾದರೂ ಇಂಥವರು ಇದ್ದೇ ಇರುತ್ತಾರೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಸುವವರಿರಬಹುದು, ಕುರುಗೋಡಿನಲ್ಲಿ ನಿವೃತ್ತ ಮೇಷ್ಟ್ರಿರಬಹುದು, ಸಿರುಗುಪ್ಪದಲ್ಲಿ ರೈಸ್ ಮಿಲ್ಲಿನ ಗುಮಾಸ್ತರಿರಬಹುದು. ಹೊಟ್ಟೆಪಾಡು ಏನೇ ಇರಲಿ, ಓಣಿಯ ಪಾಲಿಗೆ ಅವರು ಡಿವಿಡಿ ಮಾವ. ಯಾರ ಮನೆಯ ಪ್ಲೇಯರ್ ಡಿಸ್ಕನ್ನು ಹೊರಗುಗುಳಿದರೂ ಮೊದಲು ಕರೆ ಹೋಗುವುದು ಅವರಿಗೆ.

ಬರುವಾಗ ಹೆಗಲ ಮೇಲೆ ಟವೆಲ್, ಕೈಯಲ್ಲಿ ಸ್ಕ್ರೂಡ್ರೈವರ್, ಜೇಬಿನಲ್ಲಿ ಭತ್ತದ ದಲಾಲರು ಹೊಸ ವರ್ಷಕ್ಕೆ ಹಂಚಿದ ಪುಟ್ಟ ಡೈರಿ. ಅದರಲ್ಲಿ ಲೆಕ್ಕಪತ್ರವಿಲ್ಲ. ಯಾವ ಪ್ಲೇಯರಿಗೆ ರಿಮೋಟಿನಲ್ಲಿ ಯಾವ ಅಂಕಿಗಳನ್ನು ಒತ್ತಿದರೆ ಒಳಗಿನ ಗುಪ್ತ ಮೆನು ತೆರೆದುಕೊಳ್ಳುತ್ತದೆ ಎಂಬ ಪಟ್ಟಿಯಿದೆ. ಡೈರಿಯನ್ನು ಹೆಂಡತಿಗೂ ತೋರಿಸಿಲ್ಲ. ಆಕೆ ಕೇಳಿಯೂ ಇಲ್ಲ ಅನ್ನಿ.

ಡಾಕ್ಟರು ನಾಲಿಗೆ ನೋಡುವ ಹಾಗೆ ಡಿಸ್ಕನ್ನು ಬೆಳಕಿಗೆ ಹಿಡಿದು, "ಎಲ್ಲಿಂದಿದು?" ಎನ್ನುತ್ತಾರೆ. ಅಮೆರಿಕದಿಂದ ಅಳಿಯ ತಂದ ಕಾರ್ಟೂನ್ ಎಂದಿರೋ, ಕುರ್ಚಿ ಎಳೆದುಕೊಂಡು ಕೂತರು ಎಂದೇ ಲೆಕ್ಕ. ಸಿನಿಮಾ ಕಂಪನಿಗಳು ಪ್ರಪಂಚವನ್ನು ರೀಜನ್‌ಗಳಾಗಿ ಹಂಚಿಕೊಂಡು, ಒಂದರ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡದಂತೆ ಮಾಡಿದ ಕಥೆ ಶುರುವಾಗುತ್ತದೆ. ಅಮೆರಿಕ, ಕೆನಡಾ 1. ಯುರೋಪಿನ ಬಹುಭಾಗ, ಜಪಾನ್ 2. ಚೀನಾಕ್ಕೆ ಒಂಟಿಯಾಗಿ 6. ನಾವು ರಷ್ಯಾ ಜೊತೆ, ಆಫ್ರಿಕಾದ ಬಹುಪಾಲು ದೇಶಗಳ ಜೊತೆ 5. ಅಲ್ಲಿ ಡಿಸ್ಕ್ ಬಂದಾಗ ಇಲ್ಲಿ ಸಿನಿಮಾ ಇನ್ನೂ ಥಿಯೇಟರಿಗೇ ಬಂದಿರುವುದಿಲ್ಲವಲ್ಲ, ಅದಕ್ಕೇ ಈ ಬೇಲಿ. ಮಾವ ಇದನ್ನು ಒಪ್ಪುವುದಿಲ್ಲ. "1953ರಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕ ಹೋದ್ವು, ನಾವು ಮೈಸೂರಿಗೆ ಬಂದ್ವಿ. ಬೀಗತನ ನಿಂತೈತೇನು? ಗೆರಿ ಹಾಕೋರು ಹಾಕ್ತಾರ, ದಾಟೋರು ದಾಟ್ತಾರ," ಎಂದು ಟ್ರೇ ತೆರೆದು ರಿಮೋಟಿನಲ್ಲಿ ಟಕಟಕ ಅಂಕಿ ಒತ್ತಿ, 5 ಇದ್ದಲ್ಲಿ 0 ಮಾಡುತ್ತಾರೆ. ಸೊನ್ನೆ ಎಂದರೆ ಎಲ್ಲ ದೇಶವೂ ನಮ್ಮದೇ. ದೊಡ್ಡ ಹೆಸರಿನ ಪ್ಲೇಯರುಗಳು ಈ ವಿದ್ಯೆಗೆ ಸುಲಭವಾಗಿ ಬಗ್ಗುವುದಿಲ್ಲ. ಹೆಸರೇ ಇಲ್ಲದ ಚೀನಾ ಮಾಲು ತಕ್ಷಣ ಮಣಿಯುತ್ತದೆ. ಕಂಪ್ಯೂಟರಿನ ಡ್ರೈವಿನಲ್ಲಿ ಮಾತ್ರ ರೀಜನ್ ಬದಲಿಸಲು ಐದೇ ಅವಕಾಶ. ಗಾಂಧಿನಗರದ ಹುಡುಗನೊಬ್ಬ ಬೇಸಿಗೆ ರಜೆಯಲ್ಲಿ ಐದನ್ನೂ ಖಾಲಿ ಮಾಡಿ ಕಡೆಗೆ 1ರಲ್ಲಿ ಸಿಕ್ಕಿಹಾಕಿಕೊಂಡದ್ದನ್ನು ಮಾವ ಹೇಳುವಾಗ, ಆಸ್ತಿ ಕಳಕೊಂಡವರ ಸುದ್ದಿ ಕೇಳಿದಷ್ಟು ಸಂಕಟವಾಗುತ್ತದೆ.

ಆದರೆ ಅವರ ನಿಜವಾದ ಕಸುಬು ನೋಡಬೇಕಾದರೆ ಸಿರುಗುಪ್ಪದ ಆ ಅಜ್ಜಿಯ ಮನೆಗೆ ಬರಬೇಕು. ಮೊಮ್ಮಗಳು ನ್ಯೂಜೆರ್ಸಿಯಿಂದ ಕೂಸಿನ ತೊಟ್ಟಿಲ ಶಾಸ್ತ್ರದ ಡಿವಿಡಿ ಕಳಿಸಿದ್ದಳು. ಹಾಕಿದರೆ ಚಿತ್ರ ಕಪ್ಪು ಬಿಳುಪು, ಸಾಲದ್ದಕ್ಕೆ ಮೇಲಿಂದ ಕೆಳಗೆ ಉರುಳುತ್ತಿತ್ತು.

"ಏನಪ್ಪಾ, ಅಮೆರಿಕಾದಾಗ ಬಣ್ಣ ಇಲ್ಲೇನು?"

"ಬಣ್ಣ ಐತವ್ವ. ನಿನ್ನ ಟಿವಿಗೆ ಅದರ ಭಾಷೆ ತಿಳಿವಲ್ದು."

ಮನೆಯಲ್ಲಿ ಬರೆದ ಡಿಸ್ಕಿಗೆ ರೀಜನ್ನಿನ ಬೀಗವೇ ಇರುವುದಿಲ್ಲ, ಸೊನ್ನೆ ಒತ್ತಿ ಪ್ರಯೋಜನವಿಲ್ಲ. ತೊಡಕು ಬೇರೆ. ಅಲ್ಲಿಯದು ಎನ್‌ಟಿಎಸ್‌ಸಿ, 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ನಮ್ಮದು ಪಾಲ್, 625 ಗೆರೆ, 25 ಚಿತ್ರ. ಅಜ್ಜಿಯ ಡಬ್ಬಾ ಟಿವಿಗೆ ಪಾಲ್ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಮಾವ ಪ್ಲೇಯರಿನ ಸೆಟಪ್ಪಿಗೆ ಹೋಗಿ ಹೊರಗೆ ಬಿಡುವುದನ್ನು ಪಾಲ್‌ಗೆ ತಿರುಗಿಸಿದರು. ಉರುಳುತ್ತಿದ್ದ ಕೂಸು ನೆಟ್ಟಗೆ ನಿಂತಿತು, ತಲೆಯ ಮೇಲೆ ಕೆಂಪು ಮೂಡಿತು. "ಅಯ್ಯ ನನ್ನವ್ವ, ನಾ ಹೊಲಿದು ಕೊಟ್ಟ ಕುಲಾವಿ!" ಎಂದು ಅಜ್ಜಿ ಟಿವಿ ಮುಟ್ಟಲು ಹೋದರು. ಮಾವ ಆಗಲೇ ವೈರು ಸುತ್ತುತ್ತಿದ್ದರು.

ಮಾವನ ಮರ್ಮ ಇರುವುದೇ ಇಲ್ಲಿ. ಡಿಸ್ಕ್ ಓಡಿತೋ, ಅವರಿಗೆ ಆಸಕ್ತಿ ಮುಗಿಯಿತು. ಇಷ್ಟೆಲ್ಲ ಸಿನಿಮಾ ಓಡಿಸಿದವರು ಒಂದನ್ನೂ ಐದು ನಿಮಿಷದಾಚೆ ನೋಡಿದವರಲ್ಲ. ಸಿನಿಮಾ ಹೇಗಿದೆ ಮಾವ ಎಂದರೆ, "ಡ್ಯುಯಲ್ ಲೇಯರ್, 8.5 ಜಿಬಿ" ಎನ್ನುತ್ತಾರೆ. ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರತೊಡಗಿದಾಗ ಊರೆಲ್ಲ ಹಿಗ್ಗಿದರೆ ಮಾವ ಮಂಕಾಗಿದ್ದರು. ಹಾಕಿದ ಡಿಸ್ಕೆಲ್ಲ ಸುಮ್ಮನೆ ಓಡಿಬಿಟ್ಟರೆ ಅವರನ್ನು ಕರೆಯುವವರಾರು? ಪುಣ್ಯಕ್ಕೆ ಕುರುಗೋಡಿನ ಕಡೆ ಬಯಲಾಟದ ವಿಸಿಡಿಗಳಿದ್ದವು. ಒಂದಕ್ಕೆ 80 ನಿಮಿಷ ಹಿಡಿದರೆ ಹೆಚ್ಚು, ಆಟವೋ ಬೆಳಗಿನತನಕ. ಆರೇಳು ಡಿಸ್ಕಿನಲ್ಲಿ ಮೂರನೆಯದು ಗೀಚಿಹೋಗಿದ್ದರೆ ದ್ರೌಪದಿಯ ಸೀರೆಗೆ ಕೈ ಹಾಕದೆಯೇ ಕುರುಕ್ಷೇತ್ರ ಶುರು. ಅಂಥ ಡಿಸ್ಕನ್ನು ಮಾವ ಹಳೆಯ ಬನಿಯನ್ನಿನ ತುಂಡಿನಿಂದ ನಡುವಿನಿಂದ ಅಂಚಿಗೆ ನೇರ ಒರೆಸುತ್ತಾರೆ. ಸುತ್ತ ತಿರುಗಿಸಿ ಒರೆಸುವವರನ್ನು ಕಂಡರೆ ಅವರಿಗೆ ಆಗುವುದಿಲ್ಲ.

ಈಗ ಟಿವಿಗಳಲ್ಲಿ ಹಳದಿ, ಬಿಳಿ, ಕೆಂಪು ತೂತುಗಳೇ ಅಪರೂಪ. ಎಲ್ಲ ಫೋನಿನಲ್ಲಿ. ಮೊನ್ನೆ ಮೊಮ್ಮಗನ ಫೋನಿನಲ್ಲಿ, ಈ ವಿಡಿಯೊ ನಿಮ್ಮ ದೇಶದಲ್ಲಿ ಲಭ್ಯವಿಲ್ಲ ಎಂದು ಬಂತು. ಮಾವನ ಮುಖ ಅರಳಿದ್ದು ನೋಡಬೇಕಿತ್ತು. "ಇಲ್ಲೂ ಗೆರಿ ಹಾಕ್ಯಾರಲೇ!" ಎಂದು ಜೇಬಿಗೆ ಕೈ ಹಾಕಿ ಡೈರಿ ತೆಗೆದೇಬಿಟ್ಟರು.

ನಿಮ್ಮ ಮನೆಯ ಕಪಾಟಿನಲ್ಲೂ ಮದುವೆಯ ಡಿವಿಡಿ ಇದ್ದರೆ ಈಗಲೇ ತೆಗೆದು ನೋಡಿ. ಸ್ಟುಡಿಯೊದವರು ಬರೆದುಕೊಟ್ಟ ಡಿಸ್ಕಿನೊಳಗಿನ ಬಣ್ಣದ ಪದರ ಬಿಸಿಲು, ಸೆಕೆಗೆ ಕೆಡುತ್ತದೆ, ಬಳ್ಳಾರಿಯಲ್ಲಿ ಅವೆರಡಕ್ಕೂ ಬರವಿಲ್ಲ. ಪೆನ್ ಡ್ರೈವಿಗೆ ಹಾಕಿಸಿಕೊಳ್ಳಿ. ನಿಮ್ಮ ಓಣಿಯ ಮಾವನನ್ನು ಕರೆಯಿರಿ, ದುಡ್ಡು ಕೊಡಲು ಹೋಗಬೇಡಿ, ಮುನಿಸಿಕೊಳ್ಳುತ್ತಾರೆ. ಒಗ್ಗರಣೆ ಮಿರ್ಚಿ ಕೊಟ್ಟರೆ ಸಾಕು.