ಜಂತ್ರಿ ಏರಿತು, ಜಂತಿ ಅಲುಗಿತು

ಬೇರೆಯವರ ಬಿಲ್ಲುಗಳಲ್ಲಿ ತಪ್ಪು ಹುಡುಕಿಯೇ ಇಪ್ಪತ್ತೆರಡು ವರ್ಷ ಸಂಬಳ ಎಣಿಸಿದವನು ನಾನು. ವಡೋದರಾದ ಖಂಡೇರಾವ್ ಮಾರ್ಕೆಟ್ಟಿನಲ್ಲಿ ಬದನೆಕಾಯಿಯ ಜತೆ ಕೊತ್ತಂಬರಿ ಪುಕ್ಕಟೆ ಹಾಕಿಸಿಕೊಳ್ಳಲು ಕಾಲು ಗಂಟೆ ನಿಲ್ಲುತ್ತೇನೆ. ಅಂಥ ನಾನು 2023ರ ಏಪ್ರಿಲ್ ಎರಡನೇ ವಾರದ ಒಂದು ಸಂಜೆ, ವಿಶ್ವಾಮಿತ್ರಿ ನದಿ ಕಾಣುವ ನಲವತ್ತೈದು ಲಕ್ಷದ ಮನೆಗೆ ಒಂಬತ್ತೇ ನಿಮಿಷದಲ್ಲಿ ಹೂಂ ಅಂದೆ. ಅದರಲ್ಲೂ ನಾಲ್ಕು ನಿಮಿಷ ಚಹಾಕ್ಕೆ ಹೋಗಿತ್ತು. ಪುದೀನ ಹಾಕಿದ ಚಹಾ, ಚೆನ್ನಾಗಿತ್ತು.

ನದಿಯ ಹುಚ್ಚು ಹತ್ತಿದ್ದು ಅಹಮದಾಬಾದಿನ ಸಾಬರಮತಿ ರಿವರ್‌ಫ್ರಂಟ್ ನೋಡಿ ಬಂದ ಮೇಲೆ. ಬಾಲ್ಕನಿ, ಬೆತ್ತದ ಕುರ್ಚಿ, ಎದುರಿಗೆ ನೀರು, ಕೈಯಲ್ಲಿ ಪೇಪರು. ಈ ಚಿತ್ರದಲ್ಲಿ ನನ್ನ ಹೆಂಡತಿ ಎಲ್ಲಿದ್ದಳೆಂದು ಈಗ ನೆನಪಾಗುತ್ತಿಲ್ಲ. ಬಹುಶಃ ಚಹಾ ತರಲು ಒಳಗೆ ಹೋಗಿದ್ದಳು.

ಬಿಲ್ಡರ್ ಆಫೀಸಿನ ಹುಡುಗ ಮೊದಲು ಸ್ಯಾಂಪಲ್ ಮನೆ ತೋರಿಸಿದ. ಮಂಚದ ಮೇಲೆ ಮಲಗಿ ನೋಡಿದೆ, ಮೊಣಕಾಲಿನಿಂದ ಕೆಳಗಿನದೆಲ್ಲ ಹೊರಗೆ. ನಾನೇ ಉದ್ದವಿರಬೇಕೆಂದು ಹೆಮ್ಮೆಪಟ್ಟೆ. ಕೋಣೆ ದೊಡ್ಡದಾಗಿ ಕಾಣಲಿ ಅಂತ ಗಿಡ್ಡ ಮಂಚ ಹಾಕಿದ್ದಾರೆಂದು ಹೊಳೆದದ್ದು ಜತೆಗೆ ಬಂದಿದ್ದ ಹೆಂಡತಿಗೆ.

"150 ವಾರ್, ಸಾಹೇಬ್" ಅಂದ ಹುಡುಗ. ಇಲ್ಲಿ ವಾರ್ ಅಂದರೆ ಚದರ ಗಜ, ಒಂಬತ್ತು ಚದರಡಿ. ನಾನು ಮನಸ್ಸಿನಲ್ಲೇ ಗುಣಿಸಿ 1350 ಅಂತ ಉಬ್ಬಿದೆ.

"ಅದು ಸೂಪರ್ ಬಿಲ್ಟಪ್. ಕಾರ್ಪೆಟ್ ಎಷ್ಟೈತಿ ಕೇಳ್ರಿ" ಅಂದಳು. 760 ಎಂದು ಹೊರಬಿತ್ತು. ಮಿಕ್ಕ 590 ಚದರಡಿ ಮೆಟ್ಟಿಲು, ಗೋಡೆ, ಲಿಫ್ಟು, ಪೈಪು ಹಾಯುವ ಸಂದುಗಳಲ್ಲಿ ನನ್ನ ಹೆಸರಿಗಿತ್ತು. ಲಿಫ್ಟಿನಲ್ಲಿ ನನ್ನ ಪಾಲಿನ ಮೂಲೆ ಯಾವುದೆಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಹುಡುಗ ಬ್ರಹ್ಮಾಸ್ತ್ರ ತೆಗೆದ: "ಹದಿನೈದನೇ ತಾರೀಖಿಗೆ ಜಂತ್ರಿ ಡಬಲ್!"

ಜಂತ್ರಿ ಅಂದರೆ ಆಸ್ತಿಗೆ ಗುಜರಾತ್ ಸರ್ಕಾರ ಕಟ್ಟುವ ಬೆಲೆ, ನಮ್ಮ ಕಡೆಯ ಮಾರ್ಗಸೂಚಿ ದರ ಇದ್ದಂತೆ. 2011ರಿಂದ ಮಲಗಿದ್ದದ್ದು ಆ ತಿಂಗಳು ಎದ್ದು ಕೂರುವುದರಲ್ಲಿತ್ತು. ನಾನು ಹೌಹಾರಿ ಅಲ್ಲಿಂದಲೇ ಧಾರವಾಡಕ್ಕೆ ಫೋನು ಹಚ್ಚಿದೆ. "ಅವ್ವಾ, ಜಂತ್ರಿ ಡಬಲ್ ಮಾಡಾಕತ್ತಾರ!"

"ಛಲೋ ಆತಲ್ಲೋ. ಜಂತಿ ಡಬಲ್ ಹಾಕಿದ್ರ ಮಾಳಿಗಿ ಗಟ್ಟಿ ಇರ್ತೈತಿ" ಅಂದಳು ಅವ್ವ.

ನಾನು ಚೆಕ್ ಪುಸ್ತಕಕ್ಕೆ ಕೈ ಹಾಕಿದರೆ ಜೇಬು ಖಾಲಿ. ಅದು ಹೆಂಡತಿಯ ವ್ಯಾನಿಟಿ ಬ್ಯಾಗಿನಲ್ಲಿತ್ತು, ಬ್ಯಾಗು ಅವಳ ಕಂಕುಳಲ್ಲಿತ್ತು. ಅವಳು ತರಕಾರಿಯವರಿಂದ ಕಲಿತ ಗುಜರಾತಿಯಲ್ಲಿ ಹುಡುಗನನ್ನು ಕೇಳಿದಳು: ಡಬಲ್ ಆಗೋದು ಜಮೀನಿನ ದರ, ಫ್ಲ್ಯಾಟಿಗೆ 1.8 ಪಟ್ಟು ಅಲ್ಲವಾ? ಸ್ಟಾಂಪ್ ಡ್ಯೂಟಿ ಕಟ್ಟೋದು ಜಂತ್ರಿ, ಕೊಂಡ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ನಾವು ಪೂರ್ತಿ ದುಡ್ಡು ಚೆಕ್ಕಿನಲ್ಲೇ ಕೊಟ್ಟು ದಸ್ತಾವೇಜಿನಲ್ಲಿ ಪೂರ್ತಿ ಬರೆಸುವವರು, ಏರಿದ ಜಂತ್ರಿಯೂ ನಿಮ್ಮ ಬೆಲೆಗಿಂತ ಕೆಳಗೇ ಇದೆ. ಹಾಗಾದರೆ ಓಡಬೇಕಾದವರು ಯಾರು?

ಹುಡುಗ ಇನ್ನೊಂದು ಚಹಾ ತರಿಸಿದ. ಬಾನಾಖತ್, ಅಂದರೆ ಕರಾರುಪತ್ರ, ಆಮೇಲಾಗಲಿ, ಈಗ ಇಪ್ಪತ್ತು ಪರ್ಸೆಂಟ್ ಕಟ್ಟಿಬಿಡಿ ಅಂದ. ಕರಾರು ನೋಂದಣಿ ಆಗದೆ ಹತ್ತು ಪರ್ಸೆಂಟಿಗಿಂತ ಹೆಚ್ಚು ತಗೊಳ್ಳಬಾರದೆಂದು 2016ರ ರೇರಾ ಕಾಯಿದೆಯಲ್ಲೇ ಇದೆ ಅಂದಳು. ಎರಡನೇ ಚಹಾದಲ್ಲಿ ಪುದೀನ ಇರಲಿಲ್ಲ.

ಮನೆಗೆ ಬಂದು ಜಗಳ. "ನದಿ, ನದಿ ಅಂತೀರಲ್ಲ, 2006ರಾಗ ತಾಪಿ ನದಿ ಸೂರತ್ತಿನ ಮನಿಯೊಳಗ ಬಂದಿದ್ದು ಮರ್ತ್ರೇನು?" ನಾನು ವಿಷಯ ಬದಲಿಸಲು ಸಾಲದ ಲೆಕ್ಕ ತೆಗೆದೆ. 36 ಲಕ್ಷಕ್ಕೆ ಎಂಟೂವರೆ ಪರ್ಸೆಂಟ್ ಬಡ್ಡಿ, ಅಂದರೆ ಮೂರು ಲಕ್ಷ ಚಿಲ್ಲರೆ, ಅದೇನು ಮಹಾ?

"ಅದು ಒಂದ್ ವರ್ಷದ್ದು" ಅಂದಳು. ಕ್ಯಾಲೆಂಡರಿನ ಬೆನ್ನ ಮೇಲೆ ಲೆಕ್ಕ ನಡೆಯಿತು. ತಿಂಗಳಿಗೆ 31,242 ರೂಪಾಯಿ, 240 ಕಂತು, ಒಟ್ಟು ಹತ್ತಿರ ಹತ್ತಿರ 75 ಲಕ್ಷ. ಬ್ಯಾಂಕು ಕೊಡುವುದು ಬೆಲೆಯ ನೂರಕ್ಕೆ ಎಂಬತ್ತು. 4.9 ಪರ್ಸೆಂಟ್ ಸ್ಟಾಂಪ್ ಡ್ಯೂಟಿಯನ್ನು ಅದು ಬೆಲೆಯೊಳಗೆ ಸೇರಿಸಿಕೊಳ್ಳುವುದಿಲ್ಲ, ಆ 2,20,500 ನಮ್ಮ ಕೈಯಿಂದಲೇ. ಆಫೀಸಿನಲ್ಲಿ ಯಾರಾದರೂ ನನ್ನಂಥ ಲೆಕ್ಕ ತಂದಿದ್ದರೆ ಕೆಂಪು ಮಸಿಯಲ್ಲಿ ಗೀಚಿ ವಾಪಸ್ ಎಸೆಯುತ್ತಿದ್ದೆ.

ಕಡೆಗೆ ಅದೇ 45 ಲಕ್ಷಕ್ಕೆ ಕೊಂಡದ್ದು ನದಿಯಿಂದ ಮೂರು ಕಿಲೋಮೀಟರ್ ದೂರದ, ಹನ್ನೆರಡು ವರ್ಷ ಹಳೆಯ ಮೂರನೇ ಮಹಡಿ. ಬಾಲ್ಕನಿಯಿಂದ ಕಾಣುವುದು ಎದುರಿನವರ ಹಪ್ಪಳ. ನೋಂದಣಿಯ ಹಿಂದಿನ ದಿನ ವಕೀಲರು, ಬರೀ ಹೆಂಗಸಿನ ಹೆಸರಿಗೆ ಮಾಡಿದರೆ ಗುಜರಾತಿನಲ್ಲಿ ಒಂದು ಪರ್ಸೆಂಟ್ ನೋಂದಣಿ ಶುಲ್ಕ ಮಾಫಿ ಅಂದರು. 45,000 ರೂಪಾಯಿ! ಕೊತ್ತಂಬರಿಗಾಗಿ ಕಾಲು ಗಂಟೆ ನಿಲ್ಲುವವನು ಬಿಟ್ಟೇನೇ? "ಅಕೀ ಹೆಸರಿಗೇ ಮಾಡ್ರಿ" ಎಂದು ದಾನಶೂರ ಕರ್ಣನಂತೆ ಕೈ ಎತ್ತಿದೆ. ಸಾಲಕ್ಕೆ ಮಾತ್ರ ಇಬ್ಬರದೂ ಸಹಿ.

ಮಾರ್ಚಿನಲ್ಲಿ ಆದಾಯ ತೆರಿಗೆಯ ಕಾಗದ ತುಂಬುವಾಗ ಪಕ್ಕದ ಮೇಜಿನವರು ತಿಳಿಸಿದರು. ಮಾಲೀಕನಲ್ಲದವನು ಕಂತು ಕಟ್ಟಿದರೂ ಬಡ್ಡಿಯ ರಿಯಾಯಿತಿ ಅವನಿಗಿಲ್ಲ. ಅದು ಶಾಲೆಯಲ್ಲಿ ಲೆಕ್ಕ ಕಲಿಸುವ ನನ್ನ ಹೆಂಡತಿಗೆ ಹೋಯಿತು. ಬಾಗಿಲ ಮೇಲೆ ಅವಳ ಹೆಸರು, ಕೆಳಗೆ ನನ್ನದು, ಚಿಕ್ಕ ಅಕ್ಷರದಲ್ಲಿ. ದೊಡ್ಡದು ಬರೆಸಲು ಅಕ್ಷರಕ್ಕೆ ಇಪ್ಪತ್ತು ರೂಪಾಯಿ ಹೆಚ್ಚು ಕೇಳಿದ್ದರು, ನಾನೇ ಬೇಡವೆಂದೆ.

2024ರ ಆಗಸ್ಟ್ ಕೊನೆಯ ವಾರ ವಿಶ್ವಾಮಿತ್ರಿ ಉಕ್ಕಿತು. ಊರಿನ ರಸ್ತೆಗಳಲ್ಲಿ ಮೊಸಳೆಗಳು. ಹೆಂಡತಿ ಒಂದು ಮಾತೂ ಆಡಲಿಲ್ಲ, ಟೀವಿಯ ಸದ್ದನ್ನಷ್ಟೇ ತುಸು ಹೆಚ್ಚಿಸಿದಳು. ಅಷ್ಟರಲ್ಲಿ ಅವ್ವನ ಫೋನು.

"ಟೀವ್ಯಾಗ ಮೊಸಳಿ ನೋಡಿದ್ನೋ. ಮನಿ ಸೋರಾಕತ್ತಿಲ್ಲಲ್ಲ?"

"ಇಲ್ಲವ್ವಾ."

"ನಾ ಹೇಳಿದ್ನಿಲ್ಲೋ, ಜಂತಿ ಡಬಲ್ ಇದ್ರ ಛಲೋ ಅಂತ. ಅಂದಂಗ, ಮನಿ ನಿನ್ನ ಹೆಸರಿಲೇ ಐತಿಲ್ಲೋ?"

"ಅವ್ವಾ, ನದಿ ಸಪ್ಪಳಕ್ಕ ಏನೂ ಕೇಳವಲ್ದು" ಅಂದೆ.